ಕೀಟೋಕೊನಜೋಲ್ ಶಾಂಪೂ: ರಾಯಚೂರಿನ ಸವಳು ನೀರಲ್ಲಿ ಬಳಸಿದವಳ ಮಾತು

ತಲೆಹೊಟ್ಟಿಗೆ ಏನು ಹಾಕಬೇಕು ಅಂತ ಯಾರಾದರೂ ಕೇಳಿದರೆ ನಾನು ಒಂದೇ ಹೆಸರು ಹೇಳುತ್ತೇನೆ: ಕೀಟೋಕೊನಜೋಲ್ 2% ಶಾಂಪೂ. ಅದು ಕಂಪನಿಯ ಹೆಸರಲ್ಲ, ಬಾಟಲಿಯೊಳಗಿನ ಔಷಧದ ಹೆಸರು. ಕಂಪನಿಗೊಂದು ಹೆಸರಿಟ್ಟು ಮಾರುತ್ತಾರೆ, ಒಳಗಿನ ಮದ್ದು ಒಂದೇ. ಕಿರಾಣಿ ಅಂಗಡಿಯಲ್ಲಿ ಸಾಲಾಗಿ ತೂಗುಬಿಟ್ಟಿರುವ ಪಾಕೀಟುಗಳಲ್ಲಿ ಇದನ್ನು ಹುಡುಕಬೇಡಿ, ಮೆಡಿಕಲ್ ಶಾಪಿನಲ್ಲಿ ಹೆಸರು ಹೇಳಿ ಕೇಳಬೇಕು. ಬೇಸಿಗೆಯಲ್ಲೂ ಚಳಿಗಾಲದಲ್ಲೂ, ಬೋರ್ ನೀರಲ್ಲೂ ಹೊಳಿ ನೀರಲ್ಲೂ ಬಳಸಿದ್ದೇನೆ. ಕೆಲಸ ಮಾಡುತ್ತದೆ. ಆದರೆ ಹಚ್ಚಿ, ನೊರೆ ಬಂದ ಕೂಡಲೇ ತೊಳೆದುಬಿಟ್ಟರೆ ಮಾಡುವುದಿಲ್ಲ. ‘ನಾನೂ ಹಚ್ಚಿದೆ, ಏನೂ ಆಗಲಿಲ್ಲ’ ಅನ್ನುವವರನ್ನು ಕೂರಿಸಿ ಕೇಳಿದ್ದೇನೆ. ಹೆಚ್ಚಿನವರು ಮಾಡಿದ್ದು ಅಷ್ಟೇ, ಹಚ್ಚಿದ್ದು, ತೊಳೆದದ್ದು. ಅದಕ್ಕೇ ಈ ವಿಮರ್ಶೆಯಲ್ಲಿ ಬಾಟಲಿಗಿಂತ ಬಳಸುವ ರೀತಿಯ ಬಗ್ಗೆ ಹೆಚ್ಚು ಬರೆಯುತ್ತಿದ್ದೇನೆ.

ನನಗೆ ಇದು ಅಂದಚೆಂದದ ಮಾತಲ್ಲ, ಹೊಟ್ಟೆಪಾಡಿನ ಮಾತು. ತೀನ್ ಕಂದೀಲ್ ಹತ್ತಿರದ ಬಟ್ಟೆ ಅಂಗಡಿಯೊಂದರಲ್ಲಿ ಸೀರೆ ತೋರಿಸುವ ಕೆಲಸ ನನ್ನದು. ಗಾದಿಯ ಮೇಲೆ ಸೀರೆ ಬಿಚ್ಚಿ ಹಾಸುವುದು ಅರ್ಧ ಕೆಲಸವಾದರೆ ಮೈಮೇಲೆ ಹಾಕಿ ತೋರಿಸುವುದು ಇನ್ನರ್ಧ. ಗದ್ವಾಲ ಸೀರೆಯ ಅಂಚು ಹೆಗಲ ಮೇಲೆ ಹೇಗೆ ಕೂಡುತ್ತದೆ, ಇಳಕಲ್ಲಿನ ಕಪ್ಪು ಸೀರೆಗೆ ಕೆಂಪು ಸೆರಗು ಹೇಗೆ ಒಪ್ಪುತ್ತದೆ ಅನ್ನುವುದು ಗಾದಿಯ ಮೇಲೆ ಗೊತ್ತಾಗುವುದಿಲ್ಲ. ಉಟ್ಟವರ ಹಾಗೆ ಹಾಕಿ ನಿಲ್ಲಬೇಕು. ಸೆರಗು ಬರುವುದು ಎಡ ಹೆಗಲಿಗೆ. ತಲೆಯಿಂದ ಉದುರಿದ್ದು ಬೀಳುವುದೂ ಅಲ್ಲಿಗೇ. ಕಪ್ಪು ರೇಷ್ಮೆಯ ಮೇಲೆ ಬಿಳಿ ಪುಡಿ ಬಿದ್ದರೆ ಟ್ಯೂಬ್‌ಲೈಟಿನ ಕೆಳಗೆ ಎಷ್ಟು ದೂರದಿಂದಲೂ ಕಾಣುತ್ತದೆ. ‘ಅಕ್ಕಾ, ಇದರ ಮ್ಯಾಲ ಏನೋ ಬಿದ್ದೈತಿ, ಬ್ಯಾರೆ ಪೀಸ್ ತಗೀರಿ’ ಅಂತ ಗಿರಾಕಿ ಮೆತ್ತಗೆ ಅಂದಾಗ ಮುಖ ಎಲ್ಲಿ ಇಟ್ಟುಕೊಳ್ಳಲಿ ಅನ್ನಿಸುತ್ತಿತ್ತು. ಮದುವೆ ಸೀಸನ್ ಜೋರಾಗಿದ್ದಾಗಲೇ ನನ್ನನ್ನು ರೇಷ್ಮೆ ಕೌಂಟರಿನಿಂದ ಕಾಟನ್ ಕಡೆ ಹಾಕಿದರು. ಕಾರಣ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ರೇಷ್ಮೆ ಮಾರಿದರೆ ಸಿಗುವ ಕಮಿಷನ್ ಕಾಟನ್ನಿಗೆ ಸಿಗುವುದಿಲ್ಲ. ಅದಾದ ಮೇಲೆ ರಿಮ್ಸ್ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಿ ಚೀಟಿ ಮಾಡಿಸಿದೆ.

ಡಾಕ್ಟರ್ ಮೇಡಂ ಮೊದಲು ನೋಡಿದ್ದು ತಲೆಯಲ್ಲ, ಹುಬ್ಬು. ಆಮೇಲೆ ಮೂಗಿನ ಪಕ್ಕದ ಮಡಿಕೆ, ಕಿವಿಯ ಹಿಂದೆ. ಮೊಣಕೈ, ಮೊಣಕಾಲು ತೋರಿಸು ಅಂದರು. ಕೊನೆಗೆ ಕೂದಲನ್ನು ಪೆನ್ನಿನ ಹಿಂಬದಿಯಿಂದ ಬೈತಲೆ ತೆಗೆದ ಹಾಗೆ ಸೀಳಿ ಸೀಳಿ ನೋಡಿದರು. ನನ್ನ ಹುಬ್ಬಿನೊಳಗೂ ಸಣ್ಣಗೆ ಪುಡಿ ಇತ್ತು, ಮೂಗಿನ ಪಕ್ಕ ಕೆಂಪಾಗಿತ್ತು. ಅದಕ್ಕೂ ತಲೆಗೂ ನಂಟಿದೆ ಅಂತ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಸೆಬೊರಿಕ್ ಡರ್ಮಟೈಟಿಸ್ ಅಂತ ಬರೆದರು. ತಲೆಹೊಟ್ಟು ಅದರದೇ ಹಗುರ ರೂಪ. ಚರ್ಮದಲ್ಲಿ ಎಣ್ಣೆ ಗ್ರಂಥಿಗಳು ಹೆಚ್ಚಿರುವ ಜಾಗದಲ್ಲೇ ಬರುತ್ತದೆ, ತಲೆ, ಹುಬ್ಬು, ಮೂಗಿನ ಬದಿ, ಎದೆಯ ನಡು. ‘ಹೋಗಿಬಿಡುತ್ತಾ ಮೇಡಂ?’ ಅಂದೆ. ‘ಹತೋಟಿಗೆ ಬರುತ್ತೆ. ಮತ್ತೆ ಬಂದರೆ ಮತ್ತೆ ಹಚ್ಚು. ಹೆದರಬೇಡ, ಅಂಟುರೋಗ ಅಲ್ಲ’ ಅಂದರು. ಆ ಕೊನೆಯ ಮಾತನ್ನು ಅಂಗಡಿಯಲ್ಲಿ ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದ್ದೇನೆ, ಏಕೆಂದರೆ ನನ್ನ ಬಾಚಣಿಕೆಯನ್ನು ದೂರ ಸರಿಸಿ ಇಡುತ್ತಿದ್ದವರಿದ್ದರು.

ಮನೆಗೆ ಬಂದು ಇದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಮಲಸೇಜಿಯ ಅನ್ನುವ ಒಂದು ಸೂಕ್ಷ್ಮ ಶಿಲೀಂಧ್ರ ಎಲ್ಲರ ತಲೆಯ ಮೇಲೂ ಇರುತ್ತದೆ, ಹೊಟ್ಟು ಇದ್ದವರ ತಲೆಯಲ್ಲೂ ಇಲ್ಲದವರ ತಲೆಯಲ್ಲೂ. 1874ರಲ್ಲಿ ಹೊಟ್ಟಿನ ಪದರದಲ್ಲಿ ಇದನ್ನು ಕಂಡು ವಿವರಿಸಿದ ಫ್ರಾನ್ಸಿನ ಲೂಯಿ ಶಾರ್ಲ್ ಮಲಸೇ ಅವರ ಹೆಸರೇ ಇದಕ್ಕೆ. ಇದಕ್ಕೆ ತಾನಾಗಿ ಕೊಬ್ಬಿನಾಂಶ ತಯಾರಿಸಿಕೊಳ್ಳಲು ಬರುವುದಿಲ್ಲ, ನಮ್ಮ ಚರ್ಮ ಸುರಿಸುವ ಜಿಡ್ಡನ್ನೇ ತಿಂದು ಬದುಕುತ್ತದೆ. ಜಿಡ್ಡನ್ನು ಒಡೆದಾಗ ಓಲಿಯಿಕ್ ಆಮ್ಲ ಉಳಿಯುತ್ತದೆ. ಕೆಲವರ ಚರ್ಮ ಅದನ್ನು ತಡೆದುಕೊಳ್ಳುತ್ತದೆ, ಕೆಲವರದು ತಡೆಯುವುದಿಲ್ಲ. ತಡೆಯದವರಿಗೆ ಕಡಿತ ಶುರುವಾಗಿ ಚರ್ಮದ ಜೀವಕೋಶಗಳು ಅವಸರದಲ್ಲಿ ಹುಟ್ಟಿ, ಪೂರ್ತಿ ಬಲಿಯುವ ಮೊದಲೇ ಗುಂಪುಗುಂಪಾಗಿ ಉದುರುತ್ತವೆ. ಬರಿಗಣ್ಣಿಗೆ ಕಾಣುವ ಬಿಳಿ ಚೂರು ಅದೇ. ಅಂದರೆ ತಲೆ ಒಣಗಿದ್ದಕ್ಕೆ ಹೊಟ್ಟು ಏಳುತ್ತದೆ ಅನ್ನುವುದು ಹೆಚ್ಚಿನವರ ವಿಷಯದಲ್ಲಿ ಸರಿಯಲ್ಲ. ನನ್ನ ತಲೆ ಒಣಗಿರಲಿಲ್ಲ, ಜಿಡ್ಡಾಗಿತ್ತು.

ಓದಿದ್ದರಲ್ಲಿ ನನ್ನನ್ನು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಪ್ರಯೋಗಶಾಲೆಯಲ್ಲಿ ಈ ಶಿಲೀಂಧ್ರವನ್ನು ಬೆಳೆಸಬೇಕಾದರೆ ತಟ್ಟೆಯ ಮೇಲೆ ಆಲಿವ್ ಎಣ್ಣೆ ಸವರುತ್ತಾರಂತೆ. ಎಣ್ಣೆ ಇಲ್ಲದಿದ್ದರೆ ಬೆಳೆಯುವುದೇ ಇಲ್ಲ. ನಮ್ಮ ಅತ್ತೆಗೆ ಇದನ್ನು ಹೇಳಿದೆ. ಅತ್ತೆ ಎಣ್ಣೆ ಹಚ್ಚುವುದರಲ್ಲಿ ಎತ್ತಿದ ಕೈ. ಶನಿವಾರ ರಾತ್ರಿ ಕೊಬ್ಬರಿ ಎಣ್ಣೆ ಕಾಯಿಸಿ, ಅಂಗೈ ತುಂಬ ಸುರುವಿಕೊಂಡು ನೆತ್ತಿಗೆ ತಟ್ಟಿ ತಟ್ಟಿ ಇಳಿಸುವವರು. ‘ತೆಲಿ ಒಣಗೈತಿ, ಅದಕ್ಕ ಹೊಟ್ಟು ಏಳತೈತಿ, ಇನ್ನೊಂಚೂರು ಹಚ್ಚಿಕ್ಯಾ’ ಅನ್ನುವವರು. ‘ಅತ್ತಿ, ಎಣ್ಣಿ ಹಚ್ಚಿದ್ರ ಇರುವಿಗೆ ಬೆಲ್ಲ ಇಟ್ಟಂಗ ಆಗತೈತಂತ’ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾರ ತುದಿಗೆ ಹಚ್ಚೋಣೇಳು, ಬುಡಕ್ಕ ಬ್ಯಾಡ’ ಅಂದರು. ಈಗ ನಮ್ಮ ಮನೆಯ ಪದ್ಧತಿ ಅದೇ. ಜಡೆಯ ಕೆಳಗಿನ ಅರ್ಧಕ್ಕೆ ಎರಡು ಹನಿ, ನೆತ್ತಿಗೆ ಇಲ್ಲ. ಹಬ್ಬದ ಎಣ್ಣೆ ಸ್ನಾನ ಬಿಟ್ಟಿಲ್ಲ. ಅವತ್ತು ಹಚ್ಚಿ, ಅವತ್ತೇ ತೊಳೆಯುತ್ತೇನೆ, ರಾತ್ರಿಯಿಡೀ ಬಿಡುವುದಿಲ್ಲ. ತಾತ್ಕಾಲಿಕವಾಗಿ ಎಣ್ಣೆಯಿಂದ ಹೊಟ್ಟು ಕಡಿಮೆಯಾದಂತೆ ಕಾಣುವುದು ನಿಜ, ಪುಡಿ ತಲೆಗೇ ಅಂಟಿಕೊಂಡು ಉದುರುವುದಿಲ್ಲ ಅಷ್ಟೇ.

ಈಗ ಶಾಂಪೂ ವಿಷಯ. ನಾನು ತರುವುದು 100 ಎಂಎಲ್ ಬಾಟಲಿ, ಮುನ್ನೂರು ರೂಪಾಯಿ ಒಳಗೆ ಬರುತ್ತದೆ. ಕೇಸರಿ ಮಿಶ್ರಿತ ಗುಲಾಬಿ ಬಣ್ಣ, ವಾಸನೆ ಆಸ್ಪತ್ರೆಯ ಔಷಧದ ಹಾಗಲ್ಲ, ಸಾಧಾರಣ ಶಾಂಪೂ ತರಹವೇ. ಕಣ್ಣಿಗೆ ಹೋದರೆ ಉರಿಯುತ್ತದೆ, ಕೂಡಲೇ ನೀರು ಹಾಕಬೇಕು.

ಎರಕೊಳ್ಳುವ ದಿನ ಮೊದಲು ತಲೆಯನ್ನು ಪೂರ್ತಿ ನೆನೆಸುತ್ತೇನೆ. ಹಿಂದಿನ ದಿನದ ಎಣ್ಣೆ, ಬೆವರು, ದೂಳು ಇದ್ದರೆ ಸಾದಾ ಶಾಂಪೂ ಒಂದು ಸಲ ಹಾಕಿ ತೊಳೆದುಬಿಡುತ್ತೇನೆ. ಜಿಡ್ಡಿನ ಮೇಲೆ ಔಷಧ ಹಚ್ಚಿದರೆ ಚರ್ಮಕ್ಕೆ ತಲುಪುವುದಿಲ್ಲ, ಜೊತೆಗೆ ನೂರು ಎಂಎಲ್ಲಿಗೆ ದುಡ್ಡು ಕೊಟ್ಟದ್ದನ್ನು ಎಣ್ಣೆ ತೆಗೆಯುವುದಕ್ಕೆ ಖರ್ಚು ಮಾಡಿದಂತಾಗುತ್ತದೆ. ಆಮೇಲೆ ಕೂದಲಿನ ನೀರನ್ನು ಕೈಯಲ್ಲಿ ಹಿಂಡಿ ತೆಗೆಯಬೇಕು, ಇಲ್ಲದಿದ್ದರೆ ಔಷಧ ನೀರಿನ ಜೊತೆ ಬೆನ್ನಿಗೆ ಇಳಿದುಹೋಗುತ್ತದೆ. ಕೀಟೋಕೊನಜೋಲನ್ನು ಅಂಗೈಗೆ ಸ್ವಲ್ಪ ಹಾಕಿಕೊಂಡು ನೆತ್ತಿಯ ಮೇಲೆ ಒಂದೇ ಕಡೆ ಸುರಿಯದೆ, ಬೈತಲೆ ಬೈತಲೆ ಮಾಡಿಕೊಂಡು ಬೆರಳ ತುದಿಯಿಂದ ಚರ್ಮಕ್ಕೆ ಮುಟ್ಟಿಸುತ್ತೇನೆ. ಮುಂದಿನ ಕೂದಲಂಚು, ಕಿವಿಯ ಮೇಲ್ಗಡೆ, ಕಿವಿಯ ಹಿಂದೆ, ಕುತ್ತಿಗೆಯ ಮೇಲಿನ ಗುಳಿ. ಉಗುರು ತಾಗಿಸಬಾರದು, ಕೆರೆದಲ್ಲಿ ಗಾಯವಾದರೆ ಆಮೇಲೆ ಉರಿ. ಕೊನೆಯಲ್ಲಿ ಉಳಿದ ನೊರೆಯನ್ನು ಹುಬ್ಬಿಗೂ ಮೂಗಿನ ಬದಿಗೂ ಸವರಿಕೊಳ್ಳುತ್ತೇನೆ, ಕಣ್ಣು ಮುಚ್ಚಿಕೊಂಡು. ಹಾಗೆ ಮಾಡು ಅಂತ ಮೇಡಂ ಹೇಳಿದ್ದರು.

ಇಷ್ಟಾದ ಮೇಲೆ ಕಾಯಬೇಕು. ಮೂರರಿಂದ ಐದು ನಿಮಿಷ. ಇಲ್ಲಿಯೇ ಎಲ್ಲರೂ ಸೋಲುವುದು. ನಮ್ಮ ಮನೆಯಲ್ಲಿ ಒಂದೇ ಬಚ್ಚಲು, ಬೆಳಗ್ಗೆ ಹೊರಗೆ ಸಾಲು. ‘ಎಷ್ಟೊತ್ತು ಬೇ ಒಳಗ’ ಅಂತ ಕೂಗುತ್ತಾರೆ. ಅದಕ್ಕೇ ನಾನು ಎರಕೊಳ್ಳುವುದನ್ನು ಬೆಳಗಿನಿಂದ ಸಂಜೆಗೆ ಹಾಕಿಕೊಂಡೆ. ಆ ಐದು ನಿಮಿಷ ಹಿಮ್ಮಡಿ ಉಜ್ಜಿಕೊಳ್ಳುತ್ತೇನೆ, ಮಗನ ಯೂನಿಫಾರ್ಮಿನ ಕಾಲರ್ ತಿಕ್ಕುತ್ತೇನೆ. ಮದ್ದು ಶಿಲೀಂಧ್ರದ ಹೊರಪೊರೆ ಕಟ್ಟುವ ಎರ್ಗೊಸ್ಟೆರಾಲ್ ಅನ್ನುವ ಪದಾರ್ಥ ತಯಾರಾಗದಂತೆ ತಡೆಯುತ್ತದೆ. ಅದಕ್ಕೆ ಚರ್ಮದ ಮೇಲೆ ಕೂತಿರುವಷ್ಟು ಹೊತ್ತಾದರೂ ಬೇಕಲ್ಲ. ನಮ್ಮ ಜೀವಕೋಶಗಳಲ್ಲಿ ಆ ಪದಾರ್ಥದ ಜಾಗದಲ್ಲಿ ಕೊಲೆಸ್ಟೆರಾಲ್ ಇರುತ್ತದೆ.

ವಾರಕ್ಕೆ ಎರಡು ಸಲ, ನಡುವೆ ಮೂರು ದಿನ ಬಿಟ್ಟು, ಎರಡರಿಂದ ನಾಲ್ಕು ವಾರ. ಹತೋಟಿಗೆ ಬಂದ ಮೇಲೆ ವಾರಕ್ಕೋ ಹದಿನೈದು ದಿನಕ್ಕೋ ಒಂದು ಸಲ. ಉಳಿದ ದಿನ ತಲೆ ತೊಳೆಯಬೇಕಾದರೆ ಸಾದಾ ಶಾಂಪೂ. ದಿನಾ ಹಚ್ಚಿದರೆ ಬೇಗ ಹೋಗುತ್ತದೆ ಅಂತ ನಮ್ಮ ಅಂಗಡಿಯ ಇನ್ನೊಬ್ಬಾಕೆ ದಿನಾ ಹಚ್ಚಿದಳು. ಕೂದಲು ನಾರಾಗಿ, ನೆತ್ತಿ ಉರಿದು, ಬಾಟಲಿಯನ್ನೇ ಎಸೆದಳು. ಚೀಟಿಯಲ್ಲಿ ಬರೆದಷ್ಟೇ ಸಾಕು.

ನೀರಿನ ಮಾತು ಹೇಳದೆ ರಾಯಚೂರಿನಲ್ಲಿ ತಲೆಯ ಮಾತು ಮುಗಿಯುವುದಿಲ್ಲ. ಒಂದು ಕಡೆ ಕೃಷ್ಣಾ, ಇನ್ನೊಂದು ಕಡೆ ತುಂಗಭದ್ರಾ, ನಡುವೆ ನಾವು. ಆದರೂ ಬಚ್ಚಲಿಗೆ ಬರುವುದು ಹೆಚ್ಚಿನ ದಿನ ಬೋರಿನ ಸವಳು ನೀರು. ಬಕೆಟ್ಟಿನ ಒಳಗೆ ನೀರಿನ ಮಟ್ಟಕ್ಕೆ ಬಿಳಿ ಗೆರೆ ಕಟ್ಟಿರುತ್ತದೆ, ಉಗುರಿನಲ್ಲಿ ಕೆರೆದರೆ ಸುಣ್ಣದ ಪುಡಿ ಉದುರುತ್ತದೆ. ಅದು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ. ಈ ನೀರಲ್ಲಿ ಮೈಸೋಪಿನಿಂದ ತಲೆ ತೊಳೆದರೆ ಸೋಪು ಲವಣದ ಜೊತೆ ಸೇರಿ ಗಸಿಯಾಗಿ ಕೂದಲಿಗೆ ಹತ್ತುತ್ತದೆ, ಒಣಗಿದ ಮೇಲೆ ಬಾಚಿದರೆ ಬೂದು ಬಣ್ಣದ ಪುಡಿ. ಅದನ್ನೂ ಹೊಟ್ಟು ಅಂತಲೇ ತಿಳಿಯುವವರಿದ್ದಾರೆ. ನಮ್ಮ ಮನೆಯವರು ಹಾಗೆಯೇ ಸೋಪು ಹಚ್ಚುತ್ತಿದ್ದರು. ಸೋಪು ಬಿಟ್ಟು ಶಾಂಪೂ ಹಿಡಿದದ್ದಕ್ಕೇ ಅವರ ಪುಡಿ ನಿಂತಿತು, ಔಷಧ ಬೇಕಾಗಲೇ ಇಲ್ಲ. ನಾನು ನಳದಲ್ಲಿ ಹೊಳಿ ನೀರು ಬಿಟ್ಟ ದಿನ ಎರಡು ಕೊಡ ಬೇರೆ ಇಟ್ಟುಕೊಳ್ಳುತ್ತೇನೆ, ಕೊನೆಯ ತೊಳೆತಕ್ಕೆ. ಸವಳು ನೀರಲ್ಲಿ ಈ ಶಾಂಪೂ ನೊರೆ ಕಡಿಮೆ ಕೊಡುತ್ತದೆ. ನೊರೆ ಬರಲಿಲ್ಲ ಅಂತ ಮತ್ತೆ ಮತ್ತೆ ಸುರುವಬೇಡಿ. ನೊರೆ ಇಲ್ಲದಿದ್ದರೂ ಮದ್ದು ಇರುತ್ತದೆ. ನೀರು ಉಗುರುಬೆಚ್ಚಗಿದ್ದರೆ ಸಾಕು, ಹಂಡೆಯ ಸುಡುನೀರು ಬೇಡ.

ಮೊದಲು ಹೋದದ್ದು ಕಡಿತ. ಪುಡಿ ಇನ್ನೂ ಉದುರುತ್ತಿದ್ದಾಗಲೇ ಕಡಿತ ನಿಂತು, ರಾತ್ರಿ ನಿದ್ದೆಯಲ್ಲಿ ಕೈ ತಲೆಗೆ ಹೋಗುವುದು ತಪ್ಪಿತು. ಪುಡಿ ತಡವಾಗಿ ಕಡಿಮೆಯಾಯಿತು. ಮೂಗಿನ ಪಕ್ಕದ ಕೆಂಪು ಕೊನೆಗೆ. ಅಂಗಡಿಯಲ್ಲಿ ನನ್ನ ಪರೀಕ್ಷೆ ಒಂದೇ: ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಲ್ಲಿ ಕಪ್ಪು ಸೀರೆಯ ಒಂದು ಮಡಿಕೆಯನ್ನು ಹೆಗಲ ಮೇಲೆ ಹಾಕಿಕೊಂಡು ತಲೆಯನ್ನು ಬಾಚಣಿಕೆಯಿಂದ ಹಿಂದಕ್ಕೆ ಬಾಚುವುದು, ಆಮೇಲೆ ಮಡಿಕೆಯನ್ನು ಬೆಳಕಿಗೆ ಹಿಡಿದು ನೋಡುವುದು. ಮೊದಮೊದಲು ಬಟ್ಟೆಯ ಎಳೆಗಳ ನಡುವೆ ಸಿಕ್ಕಿಕೊಂಡ ಚೂರುಗಳನ್ನು ಬ್ರಷ್ಷಿನಿಂದ ತೆಗೆಯಬೇಕಾಗುತ್ತಿತ್ತು. ಬರಬರುತ್ತಾ ಕೊಡವಿದರೆ ಹೋಗುವಷ್ಟಾಯಿತು. ಒಂದು ದಿನ ಬಟ್ಟೆ ಸ್ವಚ್ಛ ಇತ್ತು. ಅವತ್ತೇ ಸಾಹುಕಾರರ ಹತ್ತಿರ ಹೋಗಿ ರೇಷ್ಮೆ ಕೌಂಟರ್ ವಾಪಸ್ ಕೊಡಿ ಅಂತ ಕೇಳಿದೆ, ಕೊಟ್ಟರು. ಈಗ ಇಳಕಲ್ ಸೀರೆಗೆ ಯಾರೇ ಬಂದರೂ ನಾನೇ ಎದ್ದು ನಿಲ್ಲುತ್ತೇನೆ.

ಕೊರತೆಗಳೂ ಇವೆ. ಉದ್ದ ಕೂದಲಿನವರಿಗೆ ಇದು ಕೂದಲನ್ನು ಒರಟು ಮಾಡುತ್ತದೆ. ಕಂಡೀಷನರ್ ಹಾಕುವುದಾದರೆ ಕೂದಲಿನ ಕೆಳಭಾಗಕ್ಕೆ ಮಾತ್ರ ಹಾಕಿ. ಬಾಟಲಿ ಚಿಕ್ಕದು, ಇಬ್ಬರು ಬಳಸಿದರೆ ಬೇಗ ಖಾಲಿ. ನಿಲ್ಲಿಸಿದರೆ ಕೆಲವು ವಾರಗಳಲ್ಲಿ ಹೊಟ್ಟು ವಾಪಸ್ಸಾಗುತ್ತದೆ, ನಿದ್ದೆಗೆಟ್ಟಾಗ, ಚಿಂತೆ ಹೆಚ್ಚಾದಾಗ, ಚಳಿ ಶುರುವಾದಾಗ ಇನ್ನೂ ಬೇಗ. ಕೂದಲಿಗೆ ಬಣ್ಣ ಹಾಕಿಸಿದವರು, ಬಸುರಿಯರು, ಹಾಲೂಡಿಸುವವರು ಡಾಕ್ಟರನ್ನು ಕೇಳಿಯೇ ಹಚ್ಚುವುದು ಒಳ್ಳೆಯದು.

ಇದು ಲಿವರಿಗೆ ಕೆಡುಕು ಅಂತ ಓದಿ ಹೆದರಿದವರೂ ಸಿಕ್ಕಿದ್ದಾರೆ. ಆ ಮಾತು ಅದೇ ಹೆಸರಿನ ಮಾತ್ರೆಯದು. ಹೊಟ್ಟೆಗೆ ತೆಗೆದುಕೊಳ್ಳುವ ಕೀಟೋಕೊನಜೋಲ್ ಲಿವರಿಗೆ ತೀವ್ರ ಹಾನಿ ಮಾಡಬಹುದು ಅನ್ನುವ ಕಾರಣಕ್ಕೆ 2013ರಲ್ಲಿ ಯುರೋಪಿನ ಔಷಧ ಸಂಸ್ಥೆಯೂ ಅಮೆರಿಕದ ಎಫ್‌ಡಿಎಯೂ ಅದಕ್ಕೆ ಕಡಿವಾಣ ಹಾಕಿದವು. ತಲೆಗೆ ಹಚ್ಚಿ ತೊಳೆಯುವ ಶಾಂಪೂ ಚರ್ಮದ ಮೂಲಕ ರಕ್ತಕ್ಕೆ ಹೋಗುವುದು ತೀರಾ ಅತ್ಯಲ್ಪ. ಹೆಸರು ಒಂದೇ ಅಂತ ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು, ಹಾಗೆಯೇ ಹೊಟ್ಟಿಗೆ ಯಾರಾದರೂ ಆ ಮಾತ್ರೆ ಕೊಡಲು ಬಂದರೆ ತೆಗೆದುಕೊಳ್ಳಲೂಬಾರದು.

ಬೇರೆ ಔಷಧದ ಶಾಂಪೂಗಳ ಬಗ್ಗೆಯೂ ಕೇಳುತ್ತಾರೆ. ಹೊಟ್ಟು ಸ್ವಲ್ಪವೇ ಇದ್ದರೆ ಜಿಂಕ್ ಪೈರಿಥಿಯೋನ್ ಇರುವುದು ಸಾಕಾಗಬಹುದು. 1961ರಲ್ಲಿ ಅಮೆರಿಕದಲ್ಲಿ ಹೆಡ್ ಅಂಡ್ ಶೋಲ್ಡರ್ಸ್ ಹೆಸರು ಮಾಡಿದ್ದು ಈ ಮದ್ದಿನಿಂದಲೇ. ಯುರೋಪಿನ ಒಕ್ಕೂಟ ಮಾತ್ರ 2022ರಿಂದ ಸೌಂದರ್ಯವರ್ಧಕಗಳಲ್ಲಿ ಅದನ್ನು ನಿಷೇಧಿಸಿದೆ. ಸೆಲೆನಿಯಂ ಸಲ್ಫೈಡ್ ಗಟ್ಟಿ ಮದ್ದು, ಅದನ್ನೂ ಹಚ್ಚಿ ಕೆಲವು ನಿಮಿಷ ಬಿಡಬೇಕು. ಗಂಧಕದ ವಾಸನೆ ಬರುತ್ತದೆ, ಹಚ್ಚುವ ಮೊದಲು ಬೆಳ್ಳಿ ಬಂಗಾರ ತೆಗೆದಿಡಬೇಕು. ಪದರ ದಪ್ಪ ಕಟ್ಟಿದ್ದರೆ ಸ್ಯಾಲಿಸಿಲಿಕ್ ಆಮ್ಲ ಇರುವುದು ಪದರ ಸಡಿಲಿಸುತ್ತದೆ, ಆದರೆ ಶಿಲೀಂಧ್ರದ ಮೇಲೆ ಅದರದು ದೊಡ್ಡ ಕೆಲಸವಲ್ಲ. ಕೀಟೋಕೊನಜೋಲ್ ಯಾರಿಗಾದರೂ ಹಿಡಿಸದಿದ್ದರೆ ಡಾಕ್ಟರು ಇವುಗಳಲ್ಲಿ ಒಂದಕ್ಕೆ ಬದಲಿಸುತ್ತಾರೆ.

ಮನೆಮದ್ದಿನ ಬಗ್ಗೆ ನನಗೆ ತಾತ್ಸಾರವಿಲ್ಲ. ಮೆಂತೆ ನೆನೆಹಾಕಿ ರುಬ್ಬಿ ಹಚ್ಚಿದರೆ ತಲೆ ತಂಪಾಗುತ್ತದೆ, ಕೂದಲು ನುಣುಪಾಗುತ್ತದೆ. ಸೀಗೆಕಾಯಿ, ಅಂಟುವಾಳ ಜಿಡ್ಡು ತೆಗೆಯುತ್ತವೆ, ಅದೂ ಒಂದು ಉಪಕಾರವೇ. ಆದರೆ ನಿಂಬೆಹಣ್ಣು ತಿಕ್ಕುವುದನ್ನು ಮಾತ್ರ ನಾನು ಕಂಡಲ್ಲಿ ಬಿಡಿಸುತ್ತೇನೆ. ನಿಂಬೆಯ ರಸ ಹತ್ತಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟ ಹಾಗೆ ಗುಳ್ಳೆ ಏಳಬಹುದು, ಕಲೆಯೂ ಉಳಿಯುತ್ತದೆ. 40 ಡಿಗ್ರಿ ದಾಟುವ ನಮ್ಮೂರ ಬಿಸಿಲಲ್ಲಿ ಹಣೆಯಂಚಿಗೆ ರಸ ಹಚ್ಚಿಕೊಂಡು ಮಾಳಿಗೆ ಮೇಲೆ ಕೂದಲು ಒಣಗಿಸಲು ಕೂತರೆ ಏನಾದೀತು ನೋಡಿ. ಅದರ ಮೇಲೆ ಕೆರೆದು ಗಾಯವಾದ ತಲೆಗೆ ಹುಳಿ ಬಿದ್ದರೆ ಉರಿ ತಡೆಯಲಾಗುವುದಿಲ್ಲ.

ಒಂದು ವಿಷಯಕ್ಕೆ ನನಗೆ ಸಿಟ್ಟಿದೆ. ನಮ್ಮ ನಾದಿನಿ ಇದೇ ಹೊಟ್ಟಿಗೆ ಒಂದು ಮೆಡಿಕಲ್ ಶಾಪಿನಲ್ಲಿ ಕೇಳಿದಾಗ, ಚೀಟಿ ಇಲ್ಲದೆಯೇ ಒಂದು ಲೋಷನ್ ಕೊಟ್ಟರು. ಎರಡು ದಿನಕ್ಕೆ ಕಡಿತ ಮಾಯ, ಆಕೆಗೆ ಖುಷಿಯೋ ಖುಷಿ. ತಿಂಗಳುಗಟ್ಟಲೆ ಹಚ್ಚಿದಳು, ಮುಖಕ್ಕೂ ಸವರಿದಳು. ಬಿಟ್ಟ ಕೂಡಲೇ ಮೊದಲಿಗಿಂತ ಜೋರಾಗಿ ಬಂತು, ಕೆನ್ನೆಯ ಚರ್ಮ ತೆಳುವಾಗಿ ರಕ್ತನಾಳ ಕಾಣತೊಡಗಿದವು. ಬಾಟಲಿ ತಿರುಗಿಸಿ ಓದಿದರೆ ಕ್ಲೋಬೆಟಾಸೋಲ್, ಅದು ಬಲವಾದ ಸ್ಟೀರಾಯ್ಡ್. ಡಾಕ್ಟರು ಕೆಲವೇ ದಿನಕ್ಕೆ, ಲೆಕ್ಕ ಹೇಳಿ ಬರೆದುಕೊಡುವ ಔಷಧ ಅದು. ಅದನ್ನು ಶಾಂಪೂ ಕೊಟ್ಟ ಹಾಗೆ ಕೊಟ್ಟುಬಿಟ್ಟರು. ದಯವಿಟ್ಟು ಕೌಂಟರಿನ ಮುಂದೆ ನಿಂತೇ ಬಾಟಲಿಯ ಹಿಂದಿನ ಸಣ್ಣ ಅಕ್ಷರ ಓದಿ, ಓದಲು ಬರದವರು ಓದಿಸಿ. ಕ್ಲೋಬೆಟಾಸೋಲ್, ಬೀಟಾಮೆಥಾಸೋನ್, ಮೊಮೆಟಾಸೋನ್ ಅಂತಿದ್ದರೆ ಸ್ಟೀರಾಯ್ಡ್ ಅಂತ ತಿಳಿಯಿರಿ. ಈಗಾಗಲೇ ಬಹಳ ದಿನದಿಂದ ಹಚ್ಚುತ್ತಿದ್ದರೆ ಒಮ್ಮೆಲೇ ಬಿಡದೆ ಚರ್ಮದ ಡಾಕ್ಟರನ್ನು ಕಂಡು, ಅವರು ಹೇಳಿದಂತೆ ಕಡಿಮೆ ಮಾಡಿ.

ತಲೆಯ ಮೇಲೆ ಬೆಳ್ಳಗೆ ಕಂಡದ್ದೆಲ್ಲ ಹೊಟ್ಟಲ್ಲ. ಹೆಣ್ಣುಮಕ್ಕಳ ತಲೆಯಲ್ಲಿ ಕೂದಲಿಗೇ ಅಂಟಿಕೊಂಡ ಬಿಳಿ ಚುಕ್ಕೆ ಬೆರಳಲ್ಲಿ ಎಳೆದರೂ ಜಾರದಿದ್ದರೆ ಅದು ಸೀರು, ಅಂದರೆ ಹೇನಿನ ಮೊಟ್ಟೆ; ಹೊಟ್ಟಾದರೆ ಊದಿದರೆ ಹಾರುತ್ತದೆ. ದಪ್ಪ ಬೆಳ್ಳಿ ಬಣ್ಣದ ಪದರ ಕಟ್ಟಿ, ಹಣೆಯ ಕೂದಲಂಚನ್ನೂ ದಾಟಿ ಬಂದಿದ್ದರೆ, ಮೊಣಕೈ ಮೊಣಕಾಲಿನಲ್ಲೂ ಅಂಥದೇ ಇದ್ದರೆ ಸೋರಿಯಾಸಿಸ್ ಇರಬಹುದು. ಮೇಡಂ ನನ್ನ ಮೊಣಕೈ ನೋಡಿದ್ದು ಅದಕ್ಕೇ. ಮಕ್ಕಳ ತಲೆಯಲ್ಲಿ ದುಂಡಗೆ ಕೂದಲು ಮುರಿದು ಬೋಳಾಗಿ, ಅಲ್ಲಿ ಪುಡಿ ಏಳುತ್ತಿದ್ದರೆ ಅದು ಹುಳುಕಡ್ಡಿ. ಶಾಂಪೂ ಒಂದರಿಂದಲೇ ಹೋಗುವುದಿಲ್ಲ, ಬಾಯಿಂದ ಔಷಧ ಬೇಕಾಗುತ್ತದೆ, ಮತ್ತು ಅದು ಒಬ್ಬರಿಂದೊಬ್ಬರಿಗೆ ಹರಡುತ್ತದೆ. ಹೊಟ್ಟು ಹರಡುವುದಿಲ್ಲ, ಅದು ಹರಡುತ್ತದೆ, ಈ ವ್ಯತ್ಯಾಸ ತಾಯಂದಿರಿಗೆ ಗೊತ್ತಿರಬೇಕು. ನಾಲ್ಕು ವಾರ ಸರಿಯಾಗಿ ಹಚ್ಚಿದರೂ ಜಗ್ಗದಿದ್ದರೆ, ಕೀವು ಬಂದರೆ, ಕೂದಲು ಗೊಂಚಲಾಗಿ ಉದುರಿದರೆ ಶಾಂಪೂ ಬದಲಿಸುತ್ತಾ ಕೂಡದೆ ಆಸ್ಪತ್ರೆಗೆ ಹೋಗಿ.

ಸಣ್ಣಪುಟ್ಟ ಅಭ್ಯಾಸಗಳೂ ನನಗೆ ನೆರವಾಗಿವೆ. ಒದ್ದೆ ತಲೆಗೆ ಜಡೆ ಬಿಗಿದು ಮಲ್ಲಿಗೆ ಮುಡಿಯುವುದನ್ನು ಬಿಟ್ಟೆ, ಒಣಗಿದ ಮೇಲೆ ಮುಡಿಯುತ್ತೇನೆ. ಬೇಸಿಗೆಯಲ್ಲಿ ಬೆವರಿ ಬಂದ ದಿನ ಎರಕೊಳ್ಳಲು ವಾರ ನೋಡುವುದಿಲ್ಲ. ದಿಂಬಿನ ಕವರ್ ಮತ್ತು ಬಾಚಣಿಕೆಯನ್ನು ತಲೆ ತೊಳೆದ ದಿನವೇ ತೊಳೆಯುತ್ತೇನೆ. ಶಕ್ತಿನಗರಕ್ಕೆ ಬೈಕಿನಲ್ಲಿ ಡ್ಯೂಟಿಗೆ ಹೋಗುವ ನನ್ನ ತಮ್ಮನಿಗೆ ಹೆಲ್ಮೆಟ್ ಒಳಗೆ ಹತ್ತಿಯ ಟೊಪ್ಪಿಗೆ ಹಾಕಿಕೊಳ್ಳಲು ಹೇಳಿದ್ದೇನೆ, ಬೆವರು ಅದಕ್ಕೆ ಇಳಿಯುತ್ತದೆ, ಅದನ್ನು ದಿನಾ ಒಗೆಯಬಹುದು. ‘ಹೆಲ್ಮೆಟ್ ಹಾಕಿದ್ರ ಹೊಟ್ಟು ಬರತೈತಿ’ ಅಂತ ಹೆಲ್ಮೆಟ್ಟನ್ನೇ ಹ್ಯಾಂಡಲಿಗೆ ತೂಗುಹಾಕಿಕೊಂಡು ಹೋಗುವ ಹುಡುಗರಿಗೆ ನನ್ನ ವಿನಂತಿ: ಹೊಟ್ಟಿಗೆ ಮದ್ದಿದೆ, ಹೆಲ್ಮೆಟ್ ತಲೆಯ ಮೇಲೇ ಇರಲಿ.

ಕೊಳ್ಳುವವರಿಗೆ ಇಷ್ಟು. ಮೊದಲ ಸಲಕ್ಕೆ ಚಿಕ್ಕ ಬಾಟಲಿ ಸಾಕು, ಒಗ್ಗುತ್ತದೋ ಇಲ್ಲವೋ ಗೊತ್ತಾಗುತ್ತದೆ. ಲೇಬಲ್ ಮೇಲೆ ‘ಕೀಟೋಕೊನಜೋಲ್ 2%’ ಅಂತ ಇರಬೇಕು. ಕೆಲವದರಲ್ಲಿ ಕೀಟೋಕೊನಜೋಲ್ ಜೊತೆ ಜಿಂಕ್ ಪೈರಿಥಿಯೋನೂ ಇರುತ್ತದೆ, ನಾನು ಬಳಸಿದ್ದು ಒಂಟಿ ಮದ್ದಿನದು. ಬರೀ ಡ್ಯಾಂಡ್ರಫ್ ಶಾಂಪೂ ಅಂತ ಕೇಳಿದರೆ ಕೈಗೆ ಸಿಕ್ಕದ್ದನ್ನು ಕೊಡುತ್ತಾರೆ, ಅದಕ್ಕೆ ಮದ್ದಿನ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಎಕ್ಸ್‌ಪೈರಿ ತಾರೀಕು ನೋಡಿ, ಹದಿನೈದು ದಿನಕ್ಕೊಮ್ಮೆ ಬಳಸುವವರಿಗೆ ಬಾಟಲಿ ಬಹಳ ದಿನ ಬರುತ್ತದೆ. ಬಿಸಿಲು ಬೀಳುವ ಬಚ್ಚಲ ಕಿಟಕಿಯಲ್ಲಿ ಇಡಬೇಡಿ, ಒಳಗೆ ಕಪಾಟಿನಲ್ಲಿಡಿ. ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇನೆ, ಆ ಅರ್ಧ ಕಳೆದದ್ದು ಕೂದಲು ಒರಟಾಗುವುದಕ್ಕೆ.